ಅಂಟಿಗಿಂತ ಮೊದಲು ಅಳತೆ

ಸರಕಾರಿ ಕಾರಕೂನಿಕೆಯಲ್ಲಿ ಒಂದು ದೊಡ್ಡ ಅನುಕೂಲವಿದೆ. ಬರೆದದ್ದು ತಪ್ಪಾದರೆ ಹಿಂದಿನಿಂದ ಒಂದು ತಿದ್ದುಪಡಿ ಕಳಿಸಬಹುದು. ಅಂಟು ಹಚ್ಚುವ ಕೆಲಸದಲ್ಲಿ ಆ ಸೌಕರ್ಯವಿಲ್ಲ. ಇದನ್ನು ನಮಗೆ ಕಲಿಸಿದ್ದು ನಮ್ಮ ಮಗನ ವಿಮಾನ.

ಹುಡುಗ ಏಳನೆಯ ಇಯತ್ತೆ. ಹಬ್ಬಕ್ಕೆ ಅಜ್ಜ ಕೊಟ್ಟ ದುಡ್ಡು, ಹುಟ್ಟುಹಬ್ಬಕ್ಕೆ ಬಂದ ದುಡ್ಡು ಎಲ್ಲ ಕೂಡಿಸಿಟ್ಟು, ರೇಡಿಯೋದಿಂದ ನಡೆಸುವ ಮಾದರಿ ವಿಮಾನದ ಸಾಮಾನು ತರಿಸಿದ. ಪುಣೆಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಊಟದ ಮೇಜೇ ಕಾರ್ಖಾನೆಯಾಯಿತು. ಬಾಲ್ಸಾ ಎಂಬ ಹಗುರ ಕಟ್ಟಿಗೆಯ ರೆಕ್ಕೆ. ತುದಿಯಿಂದ ತುದಿಗೆ ೧೨೦ ಸೆಂಟಿಮೀಟರು, ಅಗಲ ೨೦. ಅದು ಒಣಗುವಾಗ ಸೊಟ್ಟಾಗದಿರಲೆಂದು ನಮ್ಮ ಮನೆಯವರು ಬೇಳೆಯ ಡಬ್ಬಿಗಳನ್ನು ಹೇರಿಟ್ಟರು. ಎರಡು ದಿನ ಸಾರು ಮಾಡುವುದಕ್ಕೂ ರೆಕ್ಕೆಯ ಅಪ್ಪಣೆ ಬೇಕಾಯಿತು.

ಜೋಡಣೆಯ ಕ್ರಮವನ್ನು ಹುಡುಗನೇ ಓದಿಕೊಂಡು ನಮಗೆ ಹೇಳಿದ. ಮೊದಲು ಅಂಟಿಲ್ಲದೆ ಎಲ್ಲವನ್ನೂ ಕೂಡಿಸಿ, ಮೂರು ಕಡೆಯಿಂದ ಪರೀಕ್ಷಿಸಬೇಕು. ಮೊದಲು ಮೇಲಿನಿಂದ. ಬಾಲದ ಬಳಿ ಒಡಲಿನ ನಟ್ಟನಡುವೆ ಗುಂಡುಸೂಜಿ ಚುಚ್ಚಿ, ಹಿಗ್ಗದ ದಾರ ಕಟ್ಟಿ, ಎಡರೆಕ್ಕೆಯ ತುದಿಯವರೆಗೆ ಎಳೆದು ಗುರುತು ಮಾಡಬೇಕು. ಅದೇ ದಾರವನ್ನು ಬಲತುದಿಗೆ ಒಯ್ದರೆ ಗುರುತು ಅಲ್ಲಿಯೂ ಸರಿಯಾಗಿ ಕೂಡಬೇಕು. ಆಮೇಲೆ ಹಿಂದಿನಿಂದ. ರೆಕ್ಕೆಗೆ ಬಾಲದ ಅಡ್ಡಪಟ್ಟಿ ಸಮಾಂತರವಾಗಿ, ನಿಲುವುಪಟ್ಟಿ ಲಂಬವಾಗಿ ಇರಬೇಕು. ಕೊನೆಗೆ ಪಕ್ಕದಿಂದ. ರೆಕ್ಕೆ, ಬಾಲ ಎರಡೂ ನಕ್ಷೆಯಲ್ಲಿ ತೋರಿಸಿದ ಕೋನದಲ್ಲಿಯೇ ಕೂತಿರಬೇಕು.

ದಾರ ಸರಿಬಂತು. ಹಿಂದಿನಿಂದ ನೋಡಿದ್ದೂ ಸರಿಬಂತು. ಅಷ್ಟರಲ್ಲಿ ನಮಗೆ ಆಫೀಸಿನ ಹೊತ್ತಾಯಿತು.

"ಅಪ್ಪಾ, ಪಕ್ಕದಿಂದ ಇನ್ನೂ ನೋಡಿಲ್ಲ," ಅಂದ.

"ನೆಟ್ಟಗ ಅದ. ನಮಗ ಕಣ್ಣಿಲ್ಲೇನು?" ಎಂದು ನಾವೇ ಅಂಟು ಹಚ್ಚಿದೆವು. ಐದು ನಿಮಿಷಕ್ಕೆ ಗಟ್ಟಿಯಾಗುವ ಎಪಾಕ್ಸಿ ಅದು.

ರವಿವಾರ ಬೆಳಿಗ್ಗೆ ಊರ ಹೊರಗಿನ ಬಯಲಿಗೆ ಹೋದೆವು. ನೋಡಲು ನೆರೆಯವರೂ ಬಂದರು. ತೂಕ ಸರಿಯಿತ್ತು, ರೆಕ್ಕೆಯ ಮುಂಚೂಣಿಯಿಂದ ೬ ಸೆಂಟಿಮೀಟರು ಹಿಂದೆ ಎರಡೂ ಕಡೆ ಬೆರಳು ಕೊಟ್ಟು ಎತ್ತಿದರೆ ವಿಮಾನ ತಕ್ಕಡಿಯಂತೆ ನಿಲ್ಲುತ್ತಿತ್ತು. ನಾವು ಕೈಯಿಂದ ಬಿಟ್ಟೆವು, ಹುಡುಗ ರಿಮೋಟು ಹಿಡಿದಿದ್ದ. ಬಿಟ್ಟೊಡನೆ ವಿಮಾನ ಮೂಗೆತ್ತಿ ನೆಟ್ಟಗೆ ಏರಿತು, ಗಕ್ಕನೆ ನಿಂತು ಒಂದು ರೆಕ್ಕೆಯ ಮೇಲೆ ಹೊರಳಿ ನೆಲಕ್ಕೆ ಬಿತ್ತು.

"ಹುಡುಗನ ಕೈ ಇನ್ನೂ ಪಳಗಿಲ್ಲ," ಎಂದರು ನೆರೆಯವರು. ಹುಡುಗ ತಲೆ ತಗ್ಗಿಸಿದ. ನಾವು ಸುಮ್ಮನಿದ್ದೆವು.

ಮನೆಗೆ ಬಂದು ಅವನು ಪಕ್ಕದಿಂದ ಅಳತೆಪಟ್ಟಿ ಇಟ್ಟು ನೋಡಿದ. ಬಾಲದ ಅಡ್ಡಪಟ್ಟಿಯ ಮುಂಚೂಣಿ ೩ ಮಿಲಿಮೀಟರು ತಗ್ಗಿತ್ತು. ಅಷ್ಟಾದರೆ ಗಾಳಿ ಬಾಲವನ್ನು ಕೆಳಕ್ಕೆ ಒತ್ತುತ್ತದೆ, ಮೂಗು ಮೇಲೇಳುತ್ತದೆ. ಅವನು ನಮ್ಮ ಮುಖ ನೋಡಿದ. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ರಾತ್ರಿ ಊಟವಾದ ಮೇಲೆ "ತಪ್ಪು ನಮ್ಮದಪ್ಪಾ," ಎಂದೆವು. "ಗೊತ್ತದ," ಅಂದ.

ಹಳೆಯ ಬಾಲ ಕೊಯ್ದು ತೆಗೆದು ಹೊಸದು ಮಾಡಿದ್ದಾನೆ. ಮುರಿದ ರೆಕ್ಕೆಗೂ ಪಟ್ಟಿ ಕೊಟ್ಟಿದ್ದಾನೆ. ನಿನ್ನೆ ಮೂರೂ ಕಡೆಯಿಂದ ಅಳೆದು, ಅಂಟಿನ ಕಡ್ಡಿ ಹಿಡಿದು, "ಹಚ್ಚಲೇನು?" ಎಂದು ಕೇಳಿದ. "ನೀನೇ ಹೇಳು," ಎಂದೆವು. ಅವನು ಮತ್ತೊಮ್ಮೆ ಅಳೆದ.

ಬರುವ ರವಿವಾರ ಮತ್ತೆ ಬಯಲಿಗೆ ಹೋಗುವುದಿದೆ. ನೆರೆಯವರನ್ನು ನಾವೇ ಕರೆದಿದ್ದೇವೆ. ವಿಮಾನ ಹಾರಲಿ, ಬಿಡಲಿ. ಮೊದಲು ಒಂದು ತಿದ್ದುಪಡಿಯನ್ನು ಅವರೆದುರು ನಮ್ಮ ಬಾಯಿಂದಲೇ ಹೇಳಬೇಕಾಗಿದೆ.