ನಲವತ್ತು ಮೀಟರಿನ ಒಳಗಿರುವವರು

ಮಲೆನಾಡಿನಲ್ಲಿ ಕಲ್ಲುಕ್ವಾರಿ ಹಾಗೂ ಜಲ್ಲಿ ಕ್ರಷರುಗಳ ವಿರುದ್ಧ ಜಿಲ್ಲಾಧಿಕಾರಿಗಳಿಗೆ ಸಲ್ಲಿಕೆಯಾಗುವ ಮನವಿಪತ್ರಗಳಿಗೆ ಒಂದು ನಿಶ್ಚಿತ ರೂಪವಿದೆ. ಸ್ಫೋಟದಿಂದ ಮನೆಯ ಗೋಡೆ ಬಿರುಕು ಬಿಟ್ಟಿದೆ, ಬಾವಿಯ ನೀರು ಇಳಿದಿದೆ, ಅಡಿಕೆಯ ಹಿಂಗಾರದ ಮೇಲೆ ಧೂಳು ಕೂರುತ್ತಿದೆ, ಟಿಪ್ಪರುಗಳ ಓಡಾಟದಿಂದ ರಸ್ತೆ ಹಾಳಾಗಿದೆ, ವನ್ಯಪ್ರಾಣಿಗಳು ದಿಕ್ಕೆಟ್ಟಿವೆ. ಇವೆಲ್ಲವೂ ನಿಜ, ಎಲ್ಲವೂ ನ್ಯಾಯವಾದ ಅಳಲು. ಆದರೆ ಈ ಪಟ್ಟಿಯಲ್ಲಿ ಒಂದು ಸಾಲು ಸಾಮಾನ್ಯವಾಗಿ ಇರುವುದೇ ಇಲ್ಲ. ಆ ಧೂಳಿನ ನಡುವೆ ದಿನಕ್ಕೆ ಎಂಟು ಹತ್ತು ತಾಸು ನಿಂತು ದುಡಿಯುವವರ ಎದೆಗೂಡಿನಲ್ಲಿ ಏನಾಗುತ್ತಿದೆ ಎಂಬ ಪ್ರಶ್ನೆ ಯಾವ ಮನವಿಯಲ್ಲೂ ಕಾಣುವುದು ಅಪರೂಪ.

ಕಾನೂನಿನ ದೃಷ್ಟಿಯೂ ಇದಕ್ಕಿಂತ ಭಿನ್ನವಾಗಿಲ್ಲ. ಪರಿಸರ ಸಂರಕ್ಷಣಾ ನಿಯಮಗಳಡಿ ಕ್ರಷರುಗಳಿಗೆ ನಿಗದಿಯಾದ ಮಾನದಂಡವು ಘಟಕದಿಂದ 40 ಮೀಟರ್ ದೂರದಲ್ಲಿ ಗಾಳಿಯಲ್ಲಿ ತೇಲುವ ಧೂಳಿನ ಪ್ರಮಾಣ ಘನ ಮೀಟರಿಗೆ 600 ಮೈಕ್ರೋಗ್ರಾಂ ಮೀರಬಾರದೆನ್ನುತ್ತದೆ. ಆ ಅಳತೆಯಲ್ಲಿ ಎಲ್ಲ ಧೂಳೂ ಒಂದೇ. ಅದರಲ್ಲಿ ಸಿಲಿಕಾ ಎಷ್ಟಿದೆ ಎಂಬ ಲೆಕ್ಕವಿಲ್ಲ. ರಾಜ್ಯದ 2011ರ ಕಲ್ಲು ಪುಡಿ ಮಾಡುವ ಘಟಕಗಳ ನಿಯಂತ್ರಣ ಕಾಯ್ದೆಯೂ ‘ಸುರಕ್ಷಿತ ವಲಯ’ವನ್ನು ಗುರುತಿಸುವಾಗ ವಸತಿ, ಶಾಲೆ, ದೇವಾಲಯ, ಹೆದ್ದಾರಿಗಳಿಂದ ಇರಬೇಕಾದ ಅಂತರವನ್ನೇ ಮುಖ್ಯವಾಗಿ ನೋಡುತ್ತದೆ. ಅಂತರ ಕಾಯ್ದುಕೊಳ್ಳಬಲ್ಲವರಿಗೆ ಇದು ರಕ್ಷಣೆ. ಜಾ ಕ್ರಷರಿನ ಬಾಯಿಗೆ ಕಲ್ಲು ಸುರಿಯುವವನಿಗೆ, ಕಂಪ್ರೆಸರ್ ಹಚ್ಚಿ ಬಂಡೆಗೆ ಕುಳಿ ಕೊರೆಯುವವನಿಗೆ, ಜರಡಿಯ ಕೆಳಗೆ ಪುಡಿ ಗುಡಿಸುವ ಹೆಂಗಸಿಗೆ ಯಾವ ಅಂತರವಿದೆ? ಅವರು ಆ ನಲವತ್ತು ಮೀಟರಿನ ಒಳಗಿರುವವರು.

ಬೆಣಚಿನ ಪುಡಿ ಮಾಡುವ ಕೆಲಸ

ಕಲ್ಲಿನ ಧೂಳೆಲ್ಲ ಒಂದೇ ಬಗೆಯದಲ್ಲ. ಕಣ್ಣಿಗೆ ಕಾಣುವ ದಪ್ಪ ಧೂಳನ್ನು ಮೂಗು, ಗಂಟಲುಗಳು ತಡೆಯುತ್ತವೆ. ಕೆಮ್ಮಿದರೆ, ಸೀನಿದರೆ ಅದು ಹೊರಗೆ ಬರುತ್ತದೆ. ಅಪಾಯವಿರುವುದು ನಾಲ್ಕೈದು ಮೈಕ್ರಾನಿಗಿಂತ ಸಣ್ಣದಾದ, ಬರಿಗಣ್ಣಿಗೆ ಕಾಣದ ಕಣಗಳಲ್ಲಿ. ಇವು ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೆ ಇಳಿಯುತ್ತವೆ. ಆ ಕಣ ಬೆಣಚುಕಲ್ಲಿನದಾದರೆ, ಅಂದರೆ ಸ್ಫಟಿಕರೂಪದ ಸಿಲಿಕಾ ಆಗಿದ್ದರೆ, ಅದನ್ನು ನುಂಗಿ ಜೀರ್ಣಿಸಲು ಬಂದ ರಕ್ಷಕ ಜೀವಕೋಶವೇ ಸಾಯುತ್ತದೆ. ಸತ್ತ ಜೀವಕೋಶದಿಂದ ಹೊರಬಿದ್ದ ಕಣವನ್ನು ಇನ್ನೊಂದು ಜೀವಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಹೀಗೆ ನಿಲ್ಲದ ಉರಿಯೂತದಿಂದ ಶ್ವಾಸಕೋಶದ ಮೃದು ಅಂಗಾಂಶವು ಗಂಟುಗಂಟಾದ ಗಾಯದ ಕಲೆಯಾಗಿ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಇದಕ್ಕೆ ಗುಣಪಡಿಸುವ ಔಷಧವಿಲ್ಲ. ಕೆಲಸ ಬಿಟ್ಟ ಮೇಲೂ ರೋಗ ಬೆಳೆಯುತ್ತ ಹೋಗಬಹುದು. ಆಗತಾನೆ ಒಡೆದ ಬೆಣಚಿನ ಮೇಲ್ಮೈ ಹಳೆಯ ಧೂಳಿಗಿಂತ ಹೆಚ್ಚು ಉಗ್ರವಾದುದು. ಕುಳಿ ಕೊರೆಯುವಾಗ, ಕಲ್ಲು ಪುಡಿಯಾಗುವಾಗ ಏಳುವುದು ಇಂಥ ಹೊಸ ಧೂಳೇ.

ಸಿಲಿಕೋಸಿಸ್ ಬಗ್ಗೆ ಅಲ್ಪಸ್ವಲ್ಪ ತಿಳಿದವರೂ ಅದರ ಬೆನ್ನಿಗಿರುವ ಇನ್ನೊಂದು ಅಪಾಯವನ್ನು ಅರಿತಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ, ದುಡಿಮೆಯ ಸ್ಥಳದಲ್ಲಿ ಉಸಿರಿನ ಮೂಲಕ ಒಳಸೇರುವ ಸ್ಫಟಿಕ ಸಿಲಿಕಾವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕಲ್ನಾರು, ತಂಬಾಕಿನ ಹೊಗೆಗಳಿರುವುದೂ ಅದೇ ಗುಂಪಿನಲ್ಲಿ. ಹತ್ತು ಕಾರ್ಮಿಕ ಸಮೂಹಗಳ ಒಟ್ಟು 65,980 ಮಂದಿಯ ದಾಖಲೆಗಳನ್ನು ಒಗ್ಗೂಡಿಸಿ 2001ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ 1,072 ಶ್ವಾಸಕೋಶ ಕ್ಯಾನ್ಸರ್ ಸಾವುಗಳು ಲೆಕ್ಕಕ್ಕೆ ಸಿಕ್ಕವು. ಉಸಿರಾಡಿದ ಸಿಲಿಕಾದ ಒಟ್ಟು ಮೊತ್ತ ಹೆಚ್ಚಿದಂತೆ ಕ್ಯಾನ್ಸರಿನ ಅಪಾಯವೂ ಹೆಚ್ಚುವುದು ಅಲ್ಲಿ ಸ್ಪಷ್ಟವಾಯಿತು. ಇದೇ ಸಂಸ್ಥೆ 2012ರಲ್ಲಿ ಪ್ರಕಟಿಸಿದ ಮರುಪರಿಶೀಲನೆಯು ಮೊದಲಿನ ತೀರ್ಮಾನವನ್ನೇ ಎತ್ತಿಹಿಡಿಯಿತು. ಆದ್ದರಿಂದ ಇದು ತಜ್ಞರು ಇನ್ನೂ ಚರ್ಚಿಸುತ್ತಿರುವ ಅನುಮಾನವಲ್ಲ, ಕಾಲು ಶತಮಾನಕ್ಕೂ ಹಿಂದೆ ಇತ್ಯರ್ಥವಾದ ಸಂಗತಿ.

ಬೀಡಿಯ ಮೇಲೆ ಹೊರಿಸಿದ ಹೊಣೆ

ಕಲ್ಲುಕೆಲಸದವನಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದರೆ ಮೊದಲು ಬರುವ ಮಾತು ‘ಬೀಡಿ ಸೇದುತ್ತಿದ್ದ’ ಎಂಬುದು. ಬೀಡಿ ಸೇದುವುದು ಹಾನಿಕರ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಚೀನಾದ ಗಣಿ ಮತ್ತು ಪಿಂಗಾಣಿ ಉದ್ಯಮಗಳ 34,018 ಕಾರ್ಮಿಕರನ್ನು 1960ರಿಂದ 2003ರವರೆಗೆ ಅನುಸರಿಸಿ 2013ರಲ್ಲಿ ಪ್ರಕಟಗೊಂಡ ಅಧ್ಯಯನವು ಎರಡು ವಿಷಯಗಳನ್ನು ತೋರಿಸಿತು. ಸಿಲಿಕೋಸಿಸ್ ತಗಲದವರಲ್ಲೂ ಸಿಲಿಕಾ ಧೂಳಿನಿಂದ ಕ್ಯಾನ್ಸರಿನ ಅಪಾಯ ಏರುತ್ತದೆ. ಧೂಮಪಾನ ಮತ್ತು ಸಿಲಿಕಾ ಕೂಡಿದರೆ ಅಪಾಯವು ಎರಡನ್ನೂ ಬರಿದೆ ಕೂಡಿಸಿದ್ದಕ್ಕಿಂತ ಹೆಚ್ಚಾಗುತ್ತದೆ. ಹೀಗಿರುವಾಗ ಬೀಡಿಯನ್ನು ಮುಂದೊಡ್ಡಿ ಮಾಲೀಕನ ಹೊಣೆಯನ್ನು ಅಳಿಸುವ ವಾದಕ್ಕೆ ವಿಜ್ಞಾನದ ಬೆಂಬಲವಿಲ್ಲ. ಕೆಲಸದಾಳು ಬೀಡಿ ಸೇದುತ್ತಾನೆಂಬುದು ತಿಳಿದಿದ್ದರೆ ಧೂಳನ್ನು ಇನ್ನೂ ಕಟ್ಟುನಿಟ್ಟಾಗಿ ತಡೆಯಬೇಕಾದುದೇ ಅದರಿಂದ ಹೊರಡುವ ತೀರ್ಮಾನ.

ಕ್ಷಯರೋಗದ ಕಥೆಯೂ ಹೀಗೆಯೇ. ಸಿಲಿಕಾದಿಂದ ಘಾಸಿಗೊಂಡ ಶ್ವಾಸಕೋಶಕ್ಕೆ ಕ್ಷಯ ಬಹುಬೇಗ ತಗಲುತ್ತದೆ. ಕ್ಷಯವಿಲ್ಲದಿದ್ದರೂ ಎಕ್ಸ್‌ರೇ ನೋಡಿ ಕ್ಷಯವೆಂದೇ ಬರೆದುಬಿಡುವುದುಂಟು. ಆರು ತಿಂಗಳ ಮಾತ್ರೆ ಮುಗಿಸಿದರೂ ದಮ್ಮು ನಿಲ್ಲದಾಗ ರೋಗಿಯು ಊರಿಗೆ ಹಿಂತಿರುಗುತ್ತಾನೆ. ಏನು ಕೆಲಸ ಮಾಡುತ್ತಿದ್ದೆ ಎಂಬ ಒಂದು ಪ್ರಶ್ನೆಯನ್ನು ವೈದ್ಯರು ಕೇಳದಿದ್ದರೆ ಸರ್ಕಾರದ ಕಡತದಲ್ಲಿ ಆ ಸಾವು ಎಂದಿಗೂ ಕಲ್ಲಿನ ಸಾವಾಗುವುದಿಲ್ಲ.

ಕೋಲಾರದಿಂದ ಲಾಲ್‌ಕುವಾವರೆಗೆ

ಕನ್ನಡನಾಡಿಗೆ ಈ ರೋಗ ಹೊಸದಲ್ಲ. ಭಾರತದಲ್ಲಿ ಸಿಲಿಕೋಸಿಸ್‌ನ ಮೊದಲ ದೊಡ್ಡ ದಾಖಲೆ ದೊರೆತದ್ದೇ ಕೋಲಾರದ ಚಿನ್ನದ ಗಣಿಗಳಿಂದ. 1940ರ ದಶಕದಲ್ಲಿ ಅಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು. ಆ ಚಿನ್ನ ಬೆಣಚುಕಲ್ಲಿನ ಪದರಗಳಲ್ಲೇ ಇತ್ತು. ಚಿನ್ನ ತೆಗೆಯುವುದೆಂದರೆ ಬೆಣಚನ್ನು ಪುಡಿ ಮಾಡುವುದೇ ಆಗಿತ್ತು. 2001ರಲ್ಲಿ ಗಣಿ ಮುಚ್ಚಿತು. ಚಿನ್ನದ ಲೆಕ್ಕ ಪುಸ್ತಕಗಳಲ್ಲಿದೆ, ಕೆಮ್ಮಿನ ಲೆಕ್ಕ ಗಣಿಯ ಲೈನು ಮನೆಗಳಲ್ಲಿ ಉಳಿಯಿತು.

ಪರಿಸರ ಚಳವಳಿಗಳು ವಿಶೇಷವಾಗಿ ನೆನಪಿಡಬೇಕಾದ ಉದಾಹರಣೆ ಮಾತ್ರ ದೆಹಲಿಯ ಅಂಚಿನ ಲಾಲ್‌ಕುವಾದ್ದು. ರಾಜಧಾನಿಯ ಗಾಳಿ ಕೆಡುತ್ತಿದೆ ಎಂಬ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1992ರ ಮೇ ತಿಂಗಳಲ್ಲಿ ಲಾಲ್‌ಕುವಾ ಮತ್ತಿತರ ಕಡೆಯ ಕ್ರಷರುಗಳನ್ನು ಮುಚ್ಚಲು ಆದೇಶಿಸಿತು. ಅವುಗಳಿಗೆ ಹರಿಯಾಣದ ಪಾಲಿಯಲ್ಲಿ ಜಾಗ ತೋರಿಸಲಾಯಿತು. ಇದನ್ನು ಪರಿಸರ ನ್ಯಾಯದ ಮೈಲಿಗಲ್ಲೆಂದು ಇಂದಿಗೂ ಕೊಂಡಾಡಲಾಗುತ್ತದೆ. ದೆಹಲಿಯ ನಾಗರಿಕರ ಮಟ್ಟಿಗೆ ಅದು ಸರಿಯೇ. ಆದರೆ ಯಂತ್ರಗಳು ಪಾಲಿಗೆ ಹೋದವು, ಮಾಲೀಕರು ಅವುಗಳ ಹಿಂದೆ ಹೋದರು, ವರ್ಷಗಟ್ಟಲೆ ಧೂಳು ನುಂಗಿದ ಕಾರ್ಮಿಕರು ಲಾಲ್‌ಕುವಾದ ಗುಡಿಸಲುಗಳಲ್ಲಿ ಕೆಮ್ಮುತ್ತ ಉಳಿದರು. ಅವರ ನಡುವೆ ಕೆಲಸ ಮಾಡುತ್ತಿದ್ದ ಪೀಪಲ್ಸ್ ರೈಟ್ಸ್ ಅಂಡ್ ಸೋಷಿಯಲ್ ರಿಸರ್ಚ್ ಸೆಂಟರ್ ಸಂಸ್ಥೆ 2006ರಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಬೇಕಾಯಿತು.

ಆ ಮೊಕದ್ದಮೆಯಲ್ಲಿ ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರದ ಆದಿವಾಸಿಗಳ ದುರಂತವೂ ಬೆಳಕಿಗೆ ಬಂತು. ಗುಜರಾತಿನ ಗೋಧ್ರಾ ಸುತ್ತಲಿನ ಬೆಣಚು ಪುಡಿ ಕಾರ್ಖಾನೆಗಳಿಗೆ ಕೂಲಿಗೆ ಹೋದವರು ಕೆಲವೇ ತಿಂಗಳು, ವರ್ಷಗಳ ದುಡಿಮೆಯ ನಂತರ ಊರಿಗೆ ಮರಳಿ ಪ್ರಾಣ ಬಿಟ್ಟರು. ಕಾರ್ಖಾನೆ ಒಂದು ರಾಜ್ಯದಲ್ಲಿ, ಸ್ಮಶಾನ ಇನ್ನೊಂದರಲ್ಲಿ. 238 ಮೃತರ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಗುಜರಾತಿಗೆ ನ್ಯಾಯಾಲಯ ಹೇಳಿದ್ದು 2016ರಲ್ಲಿ. ಮೂಲ ಅರ್ಜಿ ಇತ್ಯರ್ಥವಾದದ್ದು 2024ರ ಆಗಸ್ಟಿನಲ್ಲಿ. ಉದ್ಯಮಗಳ ಮೇಲಿನ ನಿಗಾ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೂ, ಪರಿಹಾರದ ಮೇಲಿನ ನಿಗಾ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೂ ಒಪ್ಪಿಸಲ್ಪಟ್ಟಿತು. ಹದಿನೆಂಟು ವರ್ಷ ಕಾಯಲು ಸಿಲಿಕೋಸಿಸ್ ರೋಗಿಗೆ ಆಯುಸ್ಸೆಲ್ಲಿದೆ?

ಮಲೆನಾಡಿನ ಕ್ವಾರಿಗಳಲ್ಲೂ ದುಡಿಯುವವರು ಬಹುಮಟ್ಟಿಗೆ ಹೊರಗಿನಿಂದ ಬಂದವರು. ಕಲ್ಲುಕೆಲಸವನ್ನೇ ಕುಲಕಸುಬಾಗಿ ಉಳ್ಳ ಭೋವಿ ಸಮುದಾಯದವರು, ಬಯಲುಸೀಮೆಯವರು, ದೂರದ ರಾಜ್ಯಗಳ ವಲಸೆ ಕೂಲಿಗಳು. ಕಾಯಿಲೆ ಬಿದ್ದವರು ತಮ್ಮ ಊರಿಗೆ ಹೋಗುತ್ತಾರೆ, ಅವರ ಜಾಗಕ್ಕೆ ಬೇರೊಬ್ಬರು ಬರುತ್ತಾರೆ. ಕ್ಯಾನ್ಸರ್ ಕಾಣಿಸಿಕೊಳ್ಳುವುದು ಎಷ್ಟೋ ಬಾರಿ ಇಪ್ಪತ್ತು ಮೂವತ್ತು ವರ್ಷಗಳ ನಂತರ. ಅಷ್ಟು ಹೊತ್ತಿಗೆ ಕ್ವಾರಿಯ ಗುತ್ತಿಗೆ ಮುಗಿದಿರುತ್ತದೆ, ಹಾಜರಿ ಪುಸ್ತಕ ಇದ್ದರೂ ಕಳೆದುಹೋಗಿರುತ್ತದೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಬಳಿಯ ಹುಣಸೋಡಿನಲ್ಲಿ ಕ್ವಾರಿಗೆ ತಂದಿದ್ದ ಸ್ಫೋಟಕ ಸಿಡಿದು ಕಾರ್ಮಿಕರು ಸತ್ತಾಗ ಅಕ್ಕಪಕ್ಕದ ಜಿಲ್ಲೆಗಳವರೆಗೆ ನೆಲ ನಡುಗಿತು, ನಾಡು ಮಾತನಾಡಿತು. ಧೂಳಿನ ಸಾವಿಗೆ ಸದ್ದಿಲ್ಲ.

ಸುರಂಗಗಳ ಪಾಠ

ಗುಡ್ಡಗಾಡಿನ ಜನರಿಗೆ ಇನ್ನೊಂದು ಎಚ್ಚರವೂ ಬೇಕು. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ 1930-31ರಲ್ಲಿ ಜಲವಿದ್ಯುತ್ತಿಗಾಗಿ ಹಾಕ್ಸ್ ನೆಸ್ಟ್ ಎಂಬಲ್ಲಿ ಬೆಟ್ಟ ಕೊರೆದು ಸುರಂಗ ತೋಡಲಾಯಿತು. ಬಂಡೆಯಲ್ಲಿ ಸಿಲಿಕಾ ತುಂಬಿತ್ತು. ನೀರು ಹಾಯಿಸಿ ಕೊರೆದರೆ ತಡವಾಗುವುದೆಂದು ಒಣಗಲ್ಲನ್ನೇ ಕೊರೆಸಿದರು. ದುಡಿದವರಲ್ಲಿ ಹೆಚ್ಚಿನವರು ಕೆಲಸ ಅರಸಿ ಬಂದ ಕರಿಯ ಜನಾಂಗದವರು. 1936ರ ಸಂಸದೀಯ ವಿಚಾರಣೆ 476 ಸಾವುಗಳನ್ನು ಗುರುತಿಸಿತು; 1986ರಲ್ಲಿ ಪ್ರಕಟವಾದ ಮಾರ್ಟಿನ್ ಚೆರ್ನಿಯಾಕ್ ಅವರ ಅಧ್ಯಯನ 764 ಎಂದು ಅಂದಾಜಿಸಿತು. ಆ ಯೋಜನೆ ಯೂನಿಯನ್ ಕಾರ್ಬೈಡ್ ಸಂಸ್ಥೆಗೆ ಸೇರಿದ್ದು. 1984ರ ಭೋಪಾಲದ ನಂತರ ಆ ಹೆಸರನ್ನು ಭಾರತೀಯರಿಗೆ ಪರಿಚಯಿಸಬೇಕಿಲ್ಲ.

ಪಶ್ಚಿಮ ಘಟ್ಟಗಳಲ್ಲೂ ರಸ್ತೆ, ರೈಲು, ನೀರು, ವಿದ್ಯುತ್ತಿನ ಹೆಸರಿನಲ್ಲಿ ಸುರಂಗಗಳು ಯೋಜಿತವಾಗುತ್ತಿವೆ. 2,000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ವಿರೋಧದಲ್ಲಿ ಸಿಂಗಳೀಕ, ಮಳೆಕಾಡು, ಭೂಕುಸಿತಗಳ ಬಗೆಗೆ ಬಲವಾದ ವಾದಗಳು ಮಂಡನೆಯಾಗಿವೆ. ಬೆಟ್ಟದ ಒಡಲು ಕೊರೆಯುವವರ ಉಸಿರಿನ ಪ್ರಶ್ನೆಯೂ ಅದೇ ಆಕ್ಷೇಪಣೆಯಲ್ಲಿ ಸೇರಬೇಕು.

ಆಗಬೇಕಾದುದೇನು?

‘ಧೂಳು ನಿಯಂತ್ರಿಸಿ ಎಂದು ಕೇಳಿದರೆ ಗಣಿಗಾರಿಕೆಗೆ ಸಮ್ಮತಿ ಕೊಟ್ಟಂತಾಗುವುದಿಲ್ಲವೇ?’ ಎಂಬ ಅಳುಕು ಪರಿಸರವಾದಿಗಳಲ್ಲಿದೆ. ಆಗುವುದಿಲ್ಲ. ಕ್ವಾರಿ ಬೇಡವೆನ್ನುವ ಹಕ್ಕು ಹಾಗೆಯೇ ಇರುತ್ತದೆ. ಇರುವಷ್ಟು ದಿನ ಅದು ಮನುಷ್ಯರನ್ನು ಕೊಲ್ಲಬಾರದೆನ್ನುವುದು ಅದಕ್ಕೆ ಸೇರಿದ ಮಾತು. ಇನ್ನೊಂದು ಕಡೆ ಮಾಲೀಕರು ‘ಆಳುಗಳೇ ಮಾಸ್ಕ್ ಹಾಕುವುದಿಲ್ಲ’ ಎನ್ನುತ್ತಾರೆ. ಬಾಯಿಗೆ ಕಟ್ಟಿದ ಒದ್ದೆ ಟವೆಲು ಸೂಕ್ಷ್ಮ ಕಣವನ್ನು ತಡೆಯದು. ಸರಿಯಾದ ಮುಖಗವಸು ಕೂಡ ಕೊನೆಯ ಉಪಾಯ ಮಾತ್ರ. ಮೊದಲ ಉಪಾಯ ಧೂಳು ಏಳದಂತೆ ನೋಡಿಕೊಳ್ಳುವುದು: ಕೊರೆಯುವಾಗ ನೀರು ಹಾಯಿಸುವುದು, ಕಲ್ಲು ಬೀಳುವಲ್ಲಿ ನೀರಿನ ಸಿಂಪಡಣೆ, ಜರಡಿ ಮತ್ತು ಬೆಲ್ಟುಗಳಿಗೆ ಮುಚ್ಚಿಗೆ, ಧೂಳು ಹೀರುವ ಯಂತ್ರ. ಇವು ನೂರು ವರ್ಷಗಳಿಂದ ಜಗತ್ತಿಗೆ ಗೊತ್ತಿರುವ ವಿಧಾನಗಳು.

ಮಿತಿಯೂ ಬಿಗಿಯಾಗಬೇಕು. 1948ರ ಕಾರ್ಖಾನೆ ಕಾಯ್ದೆ ಹಾಕಿಕೊಟ್ಟ ಸೂತ್ರದಂತೆ ಶೇ 30ರಷ್ಟು ಬೆಣಚಿರುವ ಗ್ರಾನೈಟ್ ಧೂಳಿನಲ್ಲಿ ಘನ ಮೀಟರಿಗೆ ಸುಮಾರು 94 ಮೈಕ್ರೋಗ್ರಾಂ ಸಿಲಿಕಾ ಇದ್ದರೂ ಅದು ಮಿತಿಯೊಳಗೇ. ಅಮೆರಿಕ 2016ರಲ್ಲಿ ತನ್ನ ಮಿತಿಯನ್ನು 50ಕ್ಕೆ ಇಳಿಸಿತು. ಆಸ್ಟ್ರೇಲಿಯ 2024ರ ಜುಲೈ 1ರಿಂದ ಸಿಲಿಕಾ ತುಂಬಿದ ಕೃತಕ ಕಲ್ಲಿನ ಹಾಸುಗಳನ್ನೇ ನಿಷೇಧಿಸಿತು. ಇಲ್ಲಿ 2025ರ ನವೆಂಬರ್ 21ರಂದು ಹಳೆಯ ಕಾರ್ಖಾನೆ, ಗಣಿ ಕಾಯ್ದೆಗಳ ಸ್ಥಾನಕ್ಕೆ ಔದ್ಯೋಗಿಕ ಸುರಕ್ಷತೆ ಸಂಹಿತೆ ಬಂದಿದೆ. ನಲವತ್ತು ದಾಟಿದ ಕಾರ್ಮಿಕರಿಗೆ ಉಚಿತ ವಾರ್ಷಿಕ ತಪಾಸಣೆಯ ಭರವಸೆಯೂ ಇದೆ. ಆದರೆ ಇಪ್ಪತ್ತರಲ್ಲೇ ಡ್ರಿಲ್ಲಿಂಗ್ ಹಿಡಿದವನ ಎದೆ ನಲವತ್ತರವರೆಗೆ ಕಾಯುವುದಿಲ್ಲ.

ರಾಜಸ್ಥಾನವು 2019ರಲ್ಲಿ ಇದಕ್ಕೆಂದೇ ನೀತಿ ರೂಪಿಸಿ, ರೋಗ ದೃಢಪಟ್ಟವರಿಗೆ 3 ಲಕ್ಷ, ಮರಣಾನಂತರ ಕುಟುಂಬಕ್ಕೆ 2 ಲಕ್ಷ ರೂಪಾಯಿ ಮತ್ತು ಮಾಸಿಕ ಪಿಂಚಣಿ ನಿಗದಿಪಡಿಸಿತು. ಕರ್ನಾಟಕ ಅಷ್ಟಾದರೂ ಮಾಡಬೇಡವೇ? ಜಿಲ್ಲಾ ಖನಿಜ ಪ್ರತಿಷ್ಠಾನಗಳ ನಿಧಿಯಲ್ಲಿ ಆರೋಗ್ಯವು ಆದ್ಯತೆಯ ಬಾಬತ್ತೇ ಆಗಿದೆ.

ಚಳವಳಿಗಳು ತಾವಾಗಿ ಮಾಡಬಹುದಾದ ಕೆಲಸಗಳೂ ಇವೆ. ಪ್ರತಿ ಮನವಿಪತ್ರದಲ್ಲಿ, ಪ್ರತಿ ಅಹವಾಲು ಸಭೆಯಲ್ಲಿ ಮೂರು ಬೇಡಿಕೆಗಳು ತಪ್ಪದೆ ಸೇರಲಿ. ಒಂದು, ಕಾರ್ಮಿಕ ನಿಂತ ಜಾಗದಲ್ಲೇ ಸಿಲಿಕಾ ಅಳೆದು ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಬೇಕು. ಎರಡು, ಪ್ರತಿ ಕೆಲಸಗಾರನಿಗೆ ಹೆಸರು, ಕೆಲಸ, ಅವಧಿ ನಮೂದಿಸಿದ ಆರೋಗ್ಯ ಪುಸ್ತಕ ಕೊಡಬೇಕು. ಅದು ಅವನ ಕೈಯಲ್ಲೇ ಇರಬೇಕು. ಮೂರು, ಯಾವುದೇ ಕ್ವಾರಿ ಅಥವಾ ಕ್ರಷರು ಮುಚ್ಚುವ ಮುನ್ನ ಅಲ್ಲಿ ದುಡಿದವರೆಲ್ಲರ ಎದೆಯ ತಪಾಸಣೆ ಆಗಬೇಕು, ವೆಚ್ಚ ಮಾಲೀಕನದಾಗಬೇಕು. ಈ ಮೂರನೆಯದು ಲಾಲ್‌ಕುವಾದಲ್ಲಿ ಆಗಿದ್ದರೆ ಎಷ್ಟೋ ಮಂದಿಗೆ ತಮ್ಮ ರೋಗದ ಹೆಸರಾದರೂ ತಿಳಿಯುತ್ತಿತ್ತು.

ಗುಡ್ಡ ಉಳಿಸಲು ಹೊರಟವರನ್ನು ಗುಡ್ಡ ಒಡೆಯುವ ಕೂಲಿಯವನು ತನ್ನ ಅನ್ನ ಕಸಿಯಲು ಬಂದವರೆಂದೇ ತಿಳಿಯುತ್ತಾನೆ. ಮಾಲೀಕರು ಅವನನ್ನೇ ಮುಂದೆ ನಿಲ್ಲಿಸಿ ಪ್ರತಿಭಟನೆ ಮಾಡಿಸುತ್ತಾರೆ. ಅವನ ಉಸಿರಿಗಾಗಿ ಮೊದಲು ದನಿ ಎತ್ತುವ ಚಳವಳಿಗೆ ಅವನು ಶತ್ರುವಾಗಿ ಬಹುಕಾಲ ಉಳಿಯಲಾರ. ಹಾಗಾಗದಿದ್ದರೂ ದನಿ ಎತ್ತಲೇಬೇಕು; ಏಕೆಂದರೆ ಪರಿಸರವೆಂಬುದು ಕ್ವಾರಿಯ ಬೇಲಿಯ ಹೊರಗಿನಿಂದ ಆರಂಭವಾಗುವುದಿಲ್ಲ.