ಅವರವರ ಬಟ್ಟಲು

ಬೆಳಗಿನ ಜಾವ. ಮುಂಡಗೋಡದ ಟಿಬೆಟ್ ವಸಾಹತಿನ ದ್ರೆಪುಂಗ್ ವಿಹಾರದಲ್ಲಿ ಮಂತ್ರಪಠನ ನಡೆದಿರುತ್ತದೆ. ಸಾಲುಸಾಲಾಗಿ ಕುಳಿತ ಭಿಕ್ಷುಗಳ ನಡುವೆ ಕಿರಿಯರು ದೊಡ್ಡ ಕೆಟಲುಗಳನ್ನು ಹಿಡಿದು ಅವಸರದಿಂದ ಬರುತ್ತಾರೆ. ಪ್ರತಿಯೊಬ್ಬನೂ ತನ್ನ ಬಟ್ಟಲನ್ನು ಮುಂದಿಡುತ್ತಾನೆ. ಚಹ ತುಂಬುತ್ತದೆ, ಪಠನ ಮುಂದುವರಿಯುತ್ತದೆ. ಚಹ ವಿಹಾರದ್ದು, ಬಟ್ಟಲು ಮಾತ್ರ ಅವನವನದು.

1959ರಲ್ಲಿ ದಲಾಯಿ ಲಾಮಾ ಅವರು ಟಿಬೆಟನ್ನು ತೊರೆದಾಗ ಸಾವಿರಾರು ಜನರು ಅವರ ಹಿಂದೆಯೇ ಹಿಮಾಲಯವನ್ನು ದಾಟಿದರು. 1966ರಲ್ಲಿ ಅವರಲ್ಲಿ ಕೆಲವರಿಗೆ ಮುಂಡಗೋಡದಲ್ಲಿ ನೆಲೆ ದೊರೆಯಿತು. ಬಂಗಾಳದ ಬಕ್ಸಾದಲ್ಲಿ ವರ್ಷಗಳನ್ನು ಕಳೆದ ಗಂದೆನ್ ಮತ್ತು ದ್ರೆಪುಂಗ್ ವಿಹಾರಗಳ ಭಿಕ್ಷುಗಳು 1969ರಲ್ಲಿ ಇಲ್ಲಿಗೆ ಬಂದರು. ಹೊರಲಾಗದ್ದನ್ನೆಲ್ಲ ಬಿಟ್ಟು ಬಂದವರ ಬಳಿ ಉಳಿಯಬಲ್ಲ ಸಾಮಾನು ಎಷ್ಟು? ಹಳೆಯ ಪದ್ಧತಿಯಂತೆ ಟಿಬೆಟಿನವನು ಚಹದ ಬಟ್ಟಲನ್ನು ನಿಲುವಂಗಿಯ ಎದೆಯ ಮಡಿಕೆಯಲ್ಲಿಟ್ಟುಕೊಂಡೇ ಪ್ರಯಾಣ ಮಾಡುವನು. ಮರದ ಗಂಟನ್ನು ಕಡೆದು ಮಾಡಿದ ಆ ಬಟ್ಟಲು ಕೈಯನ್ನು ಸುಡದು, ಕುದುರೆಯ ಮೇಲಿಂದ ಬಿದ್ದರೂ ಸುಲಭವಾಗಿ ಒಡೆಯದು. ಉಪ್ಪು, ಬೆಣ್ಣೆಗಳನ್ನು ಬೆರೆಸಿ ಕಡೆದ ಚಹದ ಜಿಡ್ಡನ್ನು ಕುಡಿದು ಕುಡಿದು ಅದರ ಮೈಗೆ ಕಪ್ಪು ಹೊಳಪು ಬರುತ್ತದೆ. ಯಾಕ್‌ಗಳಿಲ್ಲದ ಈ ಬಿಸಿಲು ನಾಡಿನಲ್ಲಿ ಬೆಣ್ಣೆ ಬದಲಾಯಿತು. ಮರದ ಜೊತೆಗೆ ಪಿಂಗಾಣಿ, ಉಕ್ಕಿನ ಬಟ್ಟಲುಗಳೂ ಬಂದವು. ಆದರೆ ಅವರವರ ಬಟ್ಟಲು ಅವರವರಿಗೆ ಎಂಬ ಕಟ್ಟಳೆ ಉಳಿಯಿತು.

ದೂರದ ಜಪಾನಿನಲ್ಲಿಯೂ ಚಹ ಬೇರೂರಿದ್ದು ವಿಹಾರಗಳಲ್ಲಿಯೇ. 1191ರಲ್ಲಿ ಚೀನದಿಂದ ಮರಳಿದ ಐಸಾಯ್ ಎಂಬ ಭಿಕ್ಷು ಚಹದ ಬೀಜಗಳನ್ನು ತಂದನೆಂದು ಪ್ರತೀತಿ. ಧ್ಯಾನಕ್ಕೆ ಕುಳಿತವರಿಗೆ ತೂಕಡಿಕೆ ಬಾರದಿರಲೆಂದು ಭಿಕ್ಷುಗಳು ಅದನ್ನು ಕುಡಿದರು. ಮುಂದೆ ಸೆನ್ ನೊ ರಿಕ್ಯು (1522–1591) ಎಂಬ ಚಹದ ಆಚಾರ್ಯನು ನಯವಾದ ಚೀನೀ ಪಾತ್ರೆಗಳ ಮೋಹವನ್ನು ಬದಿಗಿರಿಸಿ, ಚೋಜಿರೋ ಎಂಬ ಕುಶಲಿಯಿಂದ ಸರಳವಾದ ಮಣ್ಣಿನ ಬಟ್ಟಲುಗಳನ್ನು ಮಾಡಿಸಿದನು. ತಿಗುರಿಯನ್ನು ಬಳಸದೆ ಬರಿಗೈಯಿಂದ ರೂಪಿಸಿದ ಈ 'ರಾಕು' ಬಟ್ಟಲಿಗೆ ಹಿಡಿಯಿಲ್ಲ. ಸೂಕ್ಷ್ಮ ರಂಧ್ರಗಳುಳ್ಳ ಅದರ ಮೈ ಚಹದ ಬಿಸಿಯನ್ನು ಮೆಲ್ಲಗೆ ಅಂಗೈಗೆ ದಾಟಿಸುತ್ತದೆ. ಹಗಿ ಎಂಬ ಊರಿನ ಬಟ್ಟಲುಗಳದು ಇನ್ನೊಂದು ಸೊಗಸು. ಹೊಳಪಿನ ಲೇಪದಲ್ಲಿರುವ ಕೂದಲೆಳೆಯಂಥ ಬಿರುಕುಗಳಲ್ಲಿ ಚಹ ಇಳಿದಿಳಿದು ವರ್ಷಗಳು ಕಳೆದಂತೆ ಬಣ್ಣ ಮಾಗುತ್ತದೆ. ಇದನ್ನು ಹಗಿಯ ಏಳು ಮಾರ್ಪಾಡುಗಳೆಂದು ಜಪಾನೀಯರು ಮೆಚ್ಚಿ ಹೇಳುತ್ತಾರೆ. ಆ ಮಾರ್ಪಾಡು ಕುಡಿಯುವವರ ಮನೆಯಲ್ಲಲ್ಲದೆ ಸಂಗ್ರಹಕಾರನ ಕಪಾಟಿನಲ್ಲಿ ಆಗುವಂಥದಲ್ಲ. ಒಡೆದ ಬಟ್ಟಲನ್ನು ಮರದ ಅಂಟುರಸದಿಂದ ಕೂಡಿಸಿ, ಕೂಡಿಸಿದ ಗೆರೆಗೆ ಚಿನ್ನದ ಪುಡಿ ಹಚ್ಚಿ ಮತ್ತೆ ಬಳಸುವ ಪದ್ಧತಿಯೂ ಅಲ್ಲಿ ಉಂಟು.

ಇಂಥ ಬಟ್ಟಲನ್ನು ಕೊಂಡವರಿಗೆ ಆರೈಕೆ ಕಷ್ಟವೇನಲ್ಲ. ಹೊಸ ಗಡಿಗೆಯನ್ನು ನೀರಿನಲ್ಲಿ ನೆನೆಯಿಟ್ಟು ಪಳಗಿಸುವ ಅಜ್ಜಿಯರ ಜಾಣತನವೇ ಇಲ್ಲಿಯೂ ಸಲ್ಲುತ್ತದೆ. ಬಳಸುವ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ತುಸು ಹೊತ್ತು ಮುಳುಗಿಸಿಡಬೇಕು. ರಂಧ್ರಗಳು ನೀರು ಕುಡಿದ ಮೇಲೆ ಚಹದ ಕಲೆ ಒಮ್ಮೆಲೇ ಹಿಡಿಯದು. ಸಾಬೂನು ಸಲ್ಲದು, ಅದರ ವಾಸನೆ ಒಳಗೇ ಉಳಿದೀತು. ತೊಳೆದ ಬಟ್ಟಲು ಪೂರ್ತಿ ಆರಿದ ಮೇಲೆಯೇ ಒಳಗಿಡಬೇಕು. ದಾಂಡೇಲಿ, ಜೋಯಿಡಾಗಳ ಮಳೆಗಾಲದಲ್ಲಿ ಹಸಿ ಬಟ್ಟಲನ್ನು ಪೆಟ್ಟಿಗೆಯಲ್ಲಿಟ್ಟರೆ ಬೂಷ್ಟು ಹಿಡಿಯುವುದು ಖಂಡಿತ.

ಕಷ್ಟವಿರುವುದು ಬೇರೆಡೆ. ಪಟ್ಟಣದ ಮನೆಗಳಲ್ಲಿ ಚಹದ ಸೆಟ್ಟು ಗಾಜಿನ ಕಪಾಟಿನಲ್ಲಿ ಕುಳಿತಿರುತ್ತದೆ. ಅತಿಥಿಗಳು ಬಂದಾಗ ತೆಗೆಯೋಣವೆಂದು ಎತ್ತಿಟ್ಟದ್ದನ್ನು, ಅತಿಥಿಗಳು ಬಂದಾಗ ಒಡೆದೀತೆಂದು ತೆಗೆಯುವುದೇ ಇಲ್ಲ. ಅಜ್ಜನಿಗೆ ಬೆಳ್ಳಿಯ ಲೋಟವುಂಟು. ಮಗುವಿಗೆ ಹೆಸರು ಕೊರೆಸಿದ ಪುಟ್ಟ ಲೋಟವುಂಟು. ಮನೆಯೊಡತಿ ಮಾತ್ರ ಎಲ್ಲರಿಗೂ ಕೊಟ್ಟು ಉಳಿದ ಚಹವನ್ನು, ಅಂಚು ಮುಕ್ಕಾದ ಕಪ್ಪಿನಲ್ಲಿ, ಒಲೆಯ ಬಳಿ ನಿಂತೇ ಮುಗಿಸುತ್ತಾಳೆ. ಜಪಾನಿನ ಮನೆಯಲ್ಲಿ ಗಂಡನಿಗೊಂದು, ಹೆಂಡತಿಗೊಂದು, ಮಕ್ಕಳಿಗೊಂದೊಂದು ಚಹದ ಬಟ್ಟಲು ಇರುವುದು ರೂಢಿ. ಮುಂಡಗೋಡದ ವಿಹಾರದಲ್ಲಿ ನಿನ್ನೆ ಮೊನ್ನೆ ಸೇರಿದ ಹುಡುಗನಿಗೂ ತನ್ನದೆನ್ನುವ ಬಟ್ಟಲಿದೆ. ಇಷ್ಟು ಪಾತ್ರೆಗಳಿರುವ ಮನೆಯಲ್ಲಿ ಗೃಹಿಣಿಗೆ ಒಂದು ಇಲ್ಲದಿರುವುದು ವಿಚಿತ್ರವಲ್ಲವೇ?

ಆದುದರಿಂದ ಸಂಗ್ರಹದ ಹವ್ಯಾಸ ಹತ್ತಿದವರು ಆರರ ಸೆಟ್ಟಿನ ಆಸೆಯನ್ನು ಬಿಟ್ಟು ಒಂದೇ ಬಟ್ಟಲಿನಿಂದ ತೊಡಗುವುದು ಲೇಸು. ಅದು ಜಪಾನಿನಿಂದಲೇ ಬರಬೇಕೆಂದಿಲ್ಲ. ಹಳಿಯಾಳದ ನೆರೆಯ ಖಾನಾಪುರವು ಕುಂಬಾರಿಕೆಗೆ ಹೆಸರಾದ ಊರು. ಗ್ರಾಮೀಣ ಕುಂಬಾರಿಕೆಯ ಕೇಂದ್ರ ಸಂಸ್ಥೆಯೂ ಅಲ್ಲಿಯೇ ನೆಲೆಗೊಂಡಿತು. ಬಟ್ಟಲು ಯಾವ ಮಣ್ಣಿನದಾದರೂ ಸರಿ, ಎರಡು ಕೈಗಳಲ್ಲಿ ಹಿಡಿದು ನೋಡಿ ಆರಿಸಬೇಕಾದವಳು ಮನೆಯ ತಾಯಿ. ಮರುದಿನ ಬೆಳಿಗ್ಗೆ ಮೊದಲ ಚಹವನ್ನು ಮತ್ತೊಬ್ಬರು ಕಾಯಿಸಿ ಆ ಬಟ್ಟಲಿಗೆ ಹಾಕಿಕೊಡಲಿ. ಅವಳು ಕುಳಿತು ಕುಡಿಯಲಿ.