ಅಜ್ಜಿಯನ್ನ ಪೋಲ್ ಹಾಕಿ ಕೊಂದ್ವಿ

(1/7)
ಉದ್ದ ಇದೆ, ಮೊದಲೇ ಹೇಳ್ತೀನಿ. ಏಳು ಪೋಸ್ಟ್. ಫೋಟೋ ಎಲ್ಲಾ ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನದ್ದು, ಹೋದ ಭಾನುವಾರ ತೆಗೆದಿದ್ದು. ಫೋಟೋ ನೋಡಿ ಲೈಕ್ ಒತ್ತಿ ಹೋಗೋರು ಹೋಗಬಹುದು, ಬೇಜಾರಿಲ್ಲ. ಆದ್ರೆ ನಮ್ಮ ರೋಲ್‌ಪ್ಲೇ ಗ್ರೂಪ್‌ನಲ್ಲಿ ಇರೋರು, ಬಿಟ್ಟು ಹೋದೋರು, ಬೇರೆ ಕಡೆ ಇಂಥದ್ದೇ ಗ್ರೂಪ್‌ನಲ್ಲಿ ಆಡೋರು ಪೂರ್ತಿ ಓದಿ. ನಿಮಗೇ ಬರೀತಿರೋದು.

ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬೊಬ್ಬರು ಒಂದೊಂದು ಪಾತ್ರ ತಗೊಂಡು ಮೆಸೇಜ್‌ನಲ್ಲೇ ಕಥೆ ಕಟ್ಟೋದಕ್ಕೆ ರೋಲ್‌ಪ್ಲೇ ಅಂತಾರೆ. ವಿಡಿಯೋ ಇಲ್ಲ, ಗ್ರಾಫಿಕ್ಸ್ ಇಲ್ಲ, ಬರೀ ಅಕ್ಷರ. ನೀನು ನಾಲ್ಕು ಸಾಲು ಬರೀತೀಯ, ನಾನು ಅದಕ್ಕೆ ನಾಲ್ಕು ಸಾಲು ಸೇರಿಸ್ತೀನಿ. ನಮ್ಮದು ವಾಟ್ಸಾಪ್ ಗ್ರೂಪ್, ಹದಿನೈದು ಜನ, ಅರ್ಧ ಶಿಕಾರಿಪುರದವರು, ಅರ್ಧ ಸೊರಬದವರು, ಶಿರಾಳಕೊಪ್ಪದವರು ಇಬ್ಬರು. ಕಥೆ ನಡೆಯೋದು 12ನೇ ಶತಮಾನದ ಬಳ್ಳಿಗಾವಿಯಲ್ಲಿ. ವ್ಯಾಪಾರಿ, ಶಿಲ್ಪಿ, ಕಳ್ಳ, ಕುದುರೆ ಸವಾರ, ಎಲ್ಲಾ ಇದ್ದಾರೆ. ನಾನು ಸುಂಕದವನು. ಬಿಕಾಂ ಓದೋರಿಗೆ ಬೇರೆ ಪಾತ್ರ ಯಾರು ಕೊಡ್ತಾರೆ.

(2/7)
ಮತ್ತೆ ಒಬ್ಬಳು ಅಜ್ಜಿ ಇದ್ದಳು. ಕೋಡಿಯ ಮಠದಲ್ಲಿ ಮದ್ದು ಅರೆಯೋ ಅಜ್ಜಿ.

ಕೋಡಿಯ ಮಠ ನಾವು ಕಟ್ಟಿದ ಕಥೆ ಅಲ್ಲ. ಕೇದಾರೇಶ್ವರಕ್ಕೆ ಸೇರಿದ ಮಠ ಅದು. 1162ರ ಶಾಸನದಲ್ಲಿ ಅದರ ವರ್ಣನೆ ಇದೆ: ಅಲ್ಲಿ ವೇದ, ವ್ಯಾಕರಣ ಓದಿಸ್ತಿದ್ರು, ಬಡವರಿಗೆ, ಕುಂಟರಿಗೆ, ಕುರುಡರಿಗೆ ಅನ್ನ ಹಾಕ್ತಿದ್ರು, ಕಾಯಿಲೆಯವರಿಗೆ ಔಷಧ ಕೊಡ್ತಿದ್ರು. ನಾವು ಚಿಕ್ಕವರಿದ್ದಾಗ ಸ್ಕೂಲ್ ಟ್ರಿಪ್‌ನಲ್ಲಿ ಆ ಕಲ್ಲುಗಳ ಮುಂದೆ ನಿಂತು ಚಿಪ್ಸ್ ತಿಂದು ಬಂದಿದ್ವಿ. ಈ ಹುಡುಗಿ ಆ ಶಾಸನದ ಒಂದು ಮಾತು ಹಿಡಿದು ಇಡೀ ಪಾತ್ರ ಕಟ್ಟಿದಳು. ಅಜ್ಜಿಗೆ ಒಂದು ಕಣ್ಣು ಮಂದ, ಮೂಸಿ ನೋಡಿನೇ ಬೇರು ಗುರುತು ಹಿಡೀತಾಳೆ, ಯಾರಿಗೂ ಕೆಟ್ಟದ್ದು ಹೇಳಲ್ಲ ಆದ್ರೆ ಎಲ್ಲರನ್ನೂ ಬೈತಾಳೆ. ನನ್ನ ಸುಂಕದವನಿಗೆ ಹೊಟ್ಟೆ ನೋವು ಬಂದಾಗ ಕಷಾಯ ಕೊಟ್ಟು, "ಊರವರ ದುಡ್ಡು ತಿಂದ್ರೆ ಅರಗಲ್ಲಪ್ಪ" ಅಂದಿದ್ದಳು. ಆ ಸಾಲನ್ನ ನಾವೆಲ್ಲ ಸ್ಟೇಟಸ್ ಹಾಕ್ಕೊಂಡಿದ್ವಿ.

ಅವಳ ಮನೆ ಸೊರಬ ತಾಲ್ಲೂಕಿನ ಚಂದ್ರಗುತ್ತಿ ಕಡೆ ಒಂದು ಹಳ್ಳಿ. ಫೋನು ಅವಳದ್ದು ಮಾತ್ರ ಅಲ್ಲ, ಅಣ್ಣನದ್ದೂ ಹೌದು. ಸಿಗ್ನಲ್ ಬೇಕಂದ್ರೆ ಮನೆ ಹಿಂದಿನ ದಿಬ್ಬ ಹತ್ತಬೇಕು. ಇದು ಗ್ರೂಪ್‌ನಲ್ಲಿ ಎಲ್ಲರಿಗೂ ಗೊತ್ತಿತ್ತು. ಸೇರಿದ ದಿನವೇ ಹೇಳಿದ್ದಳು.

(3/7)
ಹೋದ ತಿಂಗಳು ಮಳೆ ಹಿಡೀತಲ್ಲ, ಆಗ ಅವರ ಕಡೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಯ್ತು. ಮೂರು ದಿನ. ಅವಳಿಂದ ಮೆಸೇಜ್ ಇಲ್ಲ. ಕಥೇಲಿ ಆಗ ಕುದುರೆ ಸವಾರ ಗಾಯ ಆಗಿ ಮಠಕ್ಕೆ ಬಂದಿದ್ದ, ಅಜ್ಜಿ ಮದ್ದು ಕೊಡಬೇಕಿತ್ತು. ಒಂದು ದಿನ ಕಾದ್ವಿ. ಎರಡನೇ ದಿನ ಸಂಜೆ ಸವಾರ (ಹೆಸರು ಬರೆಯಲ್ಲ, ಅವನೂ ನನ್ನ ಫ್ರೆಂಡೇ) ಪೋಲ್ ಹಾಕಿದ: "ಅಜ್ಜಿನ ಮುಗಿಸೋಣ್ವಾ?" ಹತ್ತು ಹೌದು, ಎರಡು ಬೇಡ. ಉಳಿದವರು ನೋಡಿ ಸುಮ್ಮನಾದ್ರು.

ಆಮೇಲೆ ಅವನು ಬರೆದ. ಅಜ್ಜಿ ವಿಷ ಬೆರೆಸೋಕೆ ನೋಡಿದಳಂತೆ, ಸಿಕ್ಕಿಬಿದ್ದಳಂತೆ, ಕಾಲಿಗೆ ಬಿದ್ದು ಅತ್ತಳಂತೆ, ಇವನು ಕುದುರೆಗೆ ಕಟ್ಟಿ ಪೇಟೆ ತುಂಬಾ ಎಳೆದನಂತೆ. ಅಜ್ಜಿ ಅಳೋ ಮಾತನ್ನೂ ಅವನೇ ಬರೆದ. ಎಂಟು ತಿಂಗಳು ಒಬ್ಬಳು ಕಟ್ಟಿದ ಪಾತ್ರದ ಬಾಯಿಂದ, ಅವಳು ಯಾವತ್ತೂ ಬರೆಯದ ಮಾತು. ಕೆಳಗೆ ನಗೋ ಇಮೋಜಿ ಸಾಲು ಸಾಲು.

ನಾಲ್ಕನೇ ದಿನ ಅವಳು ಬಂದಳು. ಎಲ್ಲಾ ಓದಿರಬೇಕು, ಬ್ಲೂ ಟಿಕ್ ಬಂದ ಮೇಲೆ ಅರ್ಧ ಗಂಟೆ ಏನೂ ಇಲ್ಲ. ಆಮೇಲೆ "ಸರಿ" ಅಂತ ಒಂದು ಮೆಸೇಜ್. ಆಮೇಲೆ ಗ್ರೂಪ್ ಬಿಟ್ಟಳು.

ಆ ಹತ್ತು "ಹೌದು"ನಲ್ಲಿ ಒಂದು ನಂದು. ಬಸ್‌ಸ್ಟ್ಯಾಂಡಲ್ಲಿ ನಿಂತು ಟೀ ಕುಡೀತಾ ಒತ್ತಿದ್ದೆ, ಎರಡು ಸೆಕೆಂಡ್ ಯೋಚನೆ ಮಾಡಿಲ್ಲ. ಹಾಗಾಗಿ ನಾನು ಯಾವುದೋ ಎತ್ತರದಲ್ಲಿ ನಿಂತು ನಿಮಗೆ ಬೈತಿಲ್ಲ.

(4/7)
ಇದನ್ನ ಕ್ಲಾಸಲ್ಲಿ ಮಾತಾಡಿದಾಗ ಸಿಕ್ಕ ಉತ್ತರ ಮೂರು. "ಸತ್ತಿದ್ದು ಪಾತ್ರ, ಮನುಷ್ಯ ಅಲ್ಲ." "ಮೆಜಾರಿಟಿ ಹೇಳ್ತು." "ಕಥೆ ನಿಂತು ಹೋಗಿತ್ತು, ಇನ್ನೇನು ಮಾಡೋದು?"

ಮೆಜಾರಿಟಿ ವಿಷಯ ಮೊದಲು ಮುಗಿಸ್ತೀನಿ, ಯಾಕಂದ್ರೆ ಇದನ್ನ ಹೇಳಿದ್ದು ನನ್ನ ಪಕ್ಕ ಕೂತು ಬಿಸಿನೆಸ್ ಲಾ ನೋಟ್ಸ್ ಬರೆದೋರೇ. ಭಾರತೀಯ ಪಾಲುದಾರಿಕೆ ಕಾಯ್ದೆ, 1932, ಸೆಕ್ಷನ್ 33 ಏನು ಹೇಳುತ್ತೆ? ಪಾಲುದಾರರಲ್ಲಿ ಎಷ್ಟೇ ಜನ ಒಂದಾದ್ರೂ ಬರೀ ಬಹುಮತದಿಂದ ಒಬ್ಬ ಪಾಲುದಾರನನ್ನ ಹೊರಗೆ ಹಾಕೋ ಹಾಗಿಲ್ಲ. ಹಾಕಬೇಕಂದ್ರೆ ಆ ಅಧಿಕಾರ ಮೊದಲೇ ಒಪ್ಪಂದದಲ್ಲಿ ಇರಬೇಕು, ಅದನ್ನೂ ಸದ್ಭಾವನೆಯಿಂದ ಬಳಸಿರಬೇಕು. ಅಕ್ಕಿ ಮಿಲ್ಲಿನ ಪಾಲುದಾರನಿಗೆ ಇಷ್ಟು ರಕ್ಷಣೆ ಇದೆ. ನಮ್ಮ ಗ್ರೂಪ್‌ನಲ್ಲಿ "ಎರಡು ದಿನ ಬರದಿದ್ರೆ ಪಾತ್ರ ತೆಗೀತೀವಿ" ಅಂತ ಯಾರಾದ್ರೂ ಯಾವತ್ತಾದ್ರೂ ಒಪ್ಪಿದ್ವಾ? ಇಲ್ಲ. ಸದ್ಭಾವನೆ ಇತ್ತಾ? ಆ ಇಮೋಜಿ ಸಾಲು ನೋಡಿ ನೀವೇ ಹೇಳಿ.

ಕಥೆ ನಿಂತು ಹೋಗಿತ್ತು ಅನ್ನೋದು ಇನ್ನೂ ದೊಡ್ಡ ಸುಳ್ಳು. "ಅಜ್ಜಿ ಬೇರು ತರೋಕೆ ಬನವಾಸಿಗೆ ಹೋಗಿದ್ದಾಳೆ, ಅಲ್ಲೀವರೆಗೂ ಶಿಷ್ಯೆ ಗಾಯಕ್ಕೆ ಬಟ್ಟೆ ಕಟ್ಟಿದಳು." ಒಂದು ಸಾಲು. ಖರ್ಚಿಲ್ಲ. ಅವಳು ತಿಂಗಳು ಬಿಟ್ಟು ಬಂದಿದ್ರೂ ಅಜ್ಜಿ ಬನವಾಸಿಯಿಂದ ವಾಪಸ್ ಬರ್ತಿದ್ದಳು.

ಉಳಿದದ್ದು "ಪಾತ್ರ ತಾನೆ" ಅನ್ನೋ ಮಾತು. ಇದಕ್ಕೆ ಅಜ್ಜನ ಮನೆಗೆ ಹೋಗಿ ಬರಬೇಕು.

(5/7)
ನನ್ನ ಅಮ್ಮನ ತವರು ಸೊರಬ ಕಡೆ. ಚಿಕ್ಕವನಿದ್ದಾಗ ಮಳೆಗಾಲದ ರಜೆ ಸಿಕ್ಕಿದ್ರೆ ಅಲ್ಲೇ. ಅಜ್ಜನಿಗೆ ತಾಳಮದ್ದಳೆ ಹುಚ್ಚು. ಸಿದ್ದಾಪುರ ಕಡೆ ಎಲ್ಲೇ ಕೂಟ ಇದ್ರೂ ಕವಳದ ಚೀಲ ಹಿಡಿದು ಹೊರಡೋರು, ನನ್ನನ್ನೂ ಎಳ್ಕೊಂಡು. ನಾನು ಅರ್ಧ ರಾತ್ರಿಗೆ ನಿದ್ದೆ. ಆದ್ರೂ ಕಿವಿಗೆ ಬಿದ್ದಿದ್ದು ಬಿದ್ದಿದೆ.

ಯಕ್ಷಗಾನ ಎಲ್ಲರಿಗೂ ಗೊತ್ತು. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಶಲ್ಯದಲ್ಲೇ ಕೂತು ಮಾತಾಡೋದು. ಭಾಗವತರು ಪದ್ಯ ಹಾಡ್ತಾರೆ, ಅರ್ಥಧಾರಿ ಆ ಪದ್ಯ ಹಿಡಿದು ಕರ್ಣನಾಗಿಯೋ ಕೃಷ್ಣನಾಗಿಯೋ ಮಾತು ಶುರು ಮಾಡ್ತಾರೆ. ಪದ್ಯ ಮೊದಲೇ ಬರೆದಿದ್ದು, ಮಾತು ಮಾತ್ರ ಆ ಕ್ಷಣದ್ದು. ಎದುರಿನವರು ಏನು ಕೇಳ್ತಾರೆ ಅಂತ ಗೊತ್ತಿರಲ್ಲ. ಈಗ ಹೇಳಿ, ಇದು ರೋಲ್‌ಪ್ಲೇ ಅಲ್ದೆ ಇನ್ನೇನು? ಡಿಸ್ಕಾರ್ಡ್‌ನಿಂದ ಬಂದ ಹೊಸ ಆಟ ಅಂತ ನಾವು ಬೀಗ್ತಿದ್ದದ್ದನ್ನ ನಮ್ಮ ಅಜ್ಜಂದಿರು ಜಗಲಿ ಮೇಲೆ ಕೂತು ಆಡ್ತಿದ್ರು.

ಅಲ್ಲಿ ನೋಡಿ ಹೇಗೆ ನಡೆಯುತ್ತೆ. ಕರ್ಣನ ಅರ್ಥ ಹೇಳೋರಿಗೆ ಕೂರೋ ಮುಂಚೆನೇ ಗೊತ್ತು, ಪ್ರಸಂಗ ಮುಗಿಯೋದ್ರೊಳಗೆ ಕರ್ಣ ಸಾಯ್ತಾನೆ. ಹಾಗಂತ ಅರ್ಜುನನ ಅರ್ಥಧಾರಿ ಎದ್ದು "ನೀನು ಹೆದರಿದೆ, ಅತ್ತೆ, ನನ್ನ ಕಾಲು ಹಿಡಿದೆ" ಅಂತ ಕರ್ಣನ ಮಾತನ್ನೂ ತಾನೇ ಹೇಳಿಬಿಡೋದಿಲ್ಲ. ಅರ್ಜುನ ಬಾಣ ಬಿಡಬಹುದು. ಬಾಣ ತಗುಲಿದವನ ಮಾತು ಕರ್ಣನ ಅರ್ಥಧಾರಿಯದ್ದು. ವಾಲಿಯ ಪ್ರಸಂಗ ಇನ್ನೂ ಒಳ್ಳೇ ಉದಾಹರಣೆ. ಬಾಣ ಬಿದ್ದ ಮೇಲೇನೇ ವಾಲಿ ರಾಮನನ್ನ ಪ್ರಶ್ನೆ ಮಾಡೋದು, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ. ಆಟದ ಸ್ವಾರಸ್ಯ ಇರೋದೇ ಅಲ್ಲಿ. ಕಾಸರಗೋಡು ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಹೇಳಿದ ಅರ್ಥ ಯೂಟ್ಯೂಬ್‌ನಲ್ಲಿದೆ, ಕೇಳಿ. ಸೋಲೋ ಪಾತ್ರಕ್ಕೆ ಎಷ್ಟು ಜಾಗ ಇರುತ್ತೆ ಅಂತ ಗೊತ್ತಾಗುತ್ತೆ. ರಾಮನ ಕಡೆಯವರು "ಬಾಣ ಬಿತ್ತು, ವಾಲಿ ಸತ್ತ, ಮುಂದಿನ ಪದ್ಯ" ಅಂದ್ರೆ ಜನ ಎದ್ದು ಮನೆಗೆ ಹೋಗ್ತಾರೆ.

ನಮ್ಮ ಗ್ರೂಪ್ ಭಾಷೇಲಿ ಇದನ್ನ ಗಾಡ್‌ಮಾಡಿಂಗ್ ಅಂತೀವಿ: ಇನ್ನೊಬ್ಬರ ಪಾತ್ರ ಏನು ಮಾಡ್ತು, ಏನಂತು, ಏನಾಯ್ತು ಅಂತ ನಾವೇ ಬರೆದುಬಿಡೋದು. "ಕತ್ತಿ ಬೀಸಿದೆ" ಅಂತ ಬರಿ, ನಿನ್ನ ಹಕ್ಕು. "ಬೀಸಿದೆ, ಅವನ ಕೈ ತುಂಡಾಯ್ತು" ಅಂತ ಬರೆದ್ರೆ ಅದು ಅವನ ಖಾತೆಗೆ ನೀನು ಎಂಟ್ರಿ ಹಾಕಿದ ಹಾಗೆ. ಆಡಿಟ್‌ನಲ್ಲಿ ಇದಕ್ಕೆ ಬೇರೆ ಹೆಸರಿದೆ.

ಮೆಟಾಗೇಮಿಂಗ್ ಅಂತ ಇನ್ನೊಂದಿದೆಯಲ್ಲ, ಅದೂ ಕರ್ಣನಲ್ಲೇ ಇದೆ. ಕರ್ಣ ತನ್ನ ಅಣ್ಣ ಅಂತ ಅರ್ಜುನನ ಅರ್ಥಧಾರಿಗೆ ಬಾಲ್ಯದಿಂದ ಗೊತ್ತು. ಅರ್ಜುನನಿಗೆ ಗೊತ್ತಿಲ್ಲ. ಆ ಗೊತ್ತಿಲ್ಲದ್ದನ್ನ ಉಳಿಸಿಕೊಂಡೇ ಮಾತಾಡಬೇಕು. ನಮ್ಮ ಕಳ್ಳನ ಪಾತ್ರದವನು ಗ್ರೂಪ್‌ನಲ್ಲಿ ಓದಿದ್ದನ್ನೆಲ್ಲ ಕಥೆಯೊಳಗೆ ಕಣ್ಣಾರೆ ಕಂಡ ಹಾಗೆ ಬರೀತಾನೆ. ಲೇ, ನೀನು ಆಗ ಬಾವಿಯೊಳಗೆ ಇದ್ದೆ ಕಣೋ.

ತಾಳಮದ್ದಳೆಯಲ್ಲಿ ಎಲ್ಲಾ ಸರಿ ಇರುತ್ತೆ ಅಂತಲೂ ಅಲ್ಲ. ಪಾತ್ರದ ಮರೆಯಲ್ಲಿ ಎದುರಿನವರ ಹೊಟ್ಟೆ, ವಯಸ್ಸು, ಜಾತಿ ಎಳೆದು ತಿವಿಯೋರೂ ಇದ್ದಾರೆ. ಅಂಥವರು ಮಾತಾಡಿದ ದಿನ ಅಜ್ಜ ದಾರಿಯುದ್ದಕ್ಕೂ ಗೊಣಗ್ತಾ ಬರ್ತಿದ್ರು, "ಅದು ದುರ್ಯೋಧನ ಹೇಳಿದ್ದಲ್ಲ, ಅವನೇ ಹೇಳಿದ್ದು" ಅಂತ.

(6/7)
"ಪಾತ್ರ ತಾನೆ" ಅನ್ನೋರಿಗೆ ದೂರದ ಇನ್ನೊಂದು ಕಥೆ. ಅಮೆರಿಕದಲ್ಲಿ 1990ರ ದಶಕದ ಶುರುವಿನಲ್ಲಿ ಲ್ಯಾಂಬ್ಡಾಮೂ ಅಂತ ಒಂದು ಜಾಗ ಇತ್ತು. ಪೂರ್ತಿ ಅಕ್ಷರದ್ದೇ ಲೋಕ, ಒಂದು ದೊಡ್ಡ ಮನೆ ಥರ, ಜನ ಅಲ್ಲಿ ಪಾತ್ರವಾಗಿ ಓಡಾಡ್ತಿದ್ರು. ಮಿಸ್ಟರ್ ಬಂಗಲ್ ಅನ್ನೋ ಹೆಸರಿನ ಪಾತ್ರದವನು ಒಂದು ಪ್ರೋಗ್ರಾಂ ಬಳಸಿ ಬೇರೆಯವರ ಪಾತ್ರಗಳು ಅಸಹ್ಯ ಕೆಲಸ ಮಾಡಿದ ಹಾಗೆ ಎಲ್ಲರ ಮುಂದೆ ಬರೆದ. ಆ ಪಾತ್ರಗಳ ಹಿಂದೆ ಇದ್ದೋರು ಬೇರೆ ಬೇರೆ ಊರಲ್ಲಿ ಕುರ್ಚಿ ಮೇಲೆ ಕೂತಿದ್ರು, ಮೈಗೆ ಯಾರೂ ಕೈ ಹಾಕಿರಲಿಲ್ಲ. ಆದ್ರೂ ಒಬ್ಬಾಕೆ ಅದರ ಬಗ್ಗೆ ಟೈಪ್ ಮಾಡೋವಾಗ ಅಳ್ತಿದ್ದೆ ಅಂತ ಆಮೇಲೆ ಹೇಳಿದಳು. ಜೂಲಿಯನ್ ಡಿಬೆಲ್ ಅನ್ನೋ ಬರಹಗಾರ 1993ರಲ್ಲಿ ವಿಲೇಜ್ ವಾಯ್ಸ್ ಪತ್ರಿಕೇಲಿ ಇದನ್ನೆಲ್ಲ ಬರೆದ. ಅಲ್ಲಿನ ಜನ ಒಟ್ಟು ಸೇರಿ ಗಂಟೆಗಟ್ಟಲೆ ಚರ್ಚೆ ಮಾಡಿದ್ರೂ ತೀರ್ಮಾನಕ್ಕೆ ಬರಲಿಲ್ಲ. ಕೊನೆಗೆ ಮೇಲ್ವಿಚಾರಕ ಒಬ್ಬ ತಾನೇ ಆ ಖಾತೆ ತೆಗೆದ. ಇನ್ನು ಮುಂದೆ ಇಂಥದ್ದನ್ನ ಒಬ್ಬರೇ ತೀರ್ಮಾನ ಮಾಡಬಾರದು ಅಂತ ಅಲ್ಲಿ ಮತದಾನದ ವ್ಯವಸ್ಥೆ ಬಂತು.

ಮೂವತ್ತು ವರ್ಷದ ಹಿಂದೆ, ನಾವು ಹುಟ್ಟೋ ಮುಂಚೆ, ಅವರು ಜನರನ್ನ ಕಾಯೋಕೆ ವೋಟ್ ತಂದ್ರು. ನಾವು ವೋಟ್ ಹಾಕಿ ಮಳೇಲಿ ಸಿಕ್ಕಿಬಿದ್ದ ಹುಡುಗಿಯ ಅಜ್ಜಿಯನ್ನ ಕುದುರೆಗೆ ಕಟ್ಟಿದ್ವಿ.

ಇದೇ ಸಿಟ್ಟಲ್ಲಿ ಇನ್ನೂ ಕೆಲವು ಹೇಳಿಬಿಡ್ತೀನಿ. ಹುಡುಗಿ ಪಾತ್ರ ಬರೆಯೋರಿಗೆ ರಾತ್ರಿ ಪರ್ಸನಲ್ ಮೆಸೇಜ್ ಹಾಕಿ "ಪಾತ್ರದಲ್ಲೇ ಮಾತಾಡ್ತಿದೀನಿ" ಅನ್ನೋದು ರೋಲ್‌ಪ್ಲೇ ಅಲ್ಲ, ಅದಕ್ಕೆ ಊರಲ್ಲಿ ಏನಂತಾರೆ ನಿಮಗೆ ಗೊತ್ತು. ಯಾರಾದ್ರೂ "ಇದು ಬೇಡ" ಅಂದ್ರೆ ಅಲ್ಲಿಗೆ ನಿಲ್ಲಿಸಿ, ಯಾಕೆ ಅಂತ ಕೇಳೋ ಅಗತ್ಯ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡೋರ ಸ್ಪೆಲಿಂಗ್ ಸ್ಕ್ರೀನ್‌ಶಾಟ್ ತೆಗೆದು ನಗಬೇಡಿ, ನಿಮ್ಮ ಕಾಗುಣಿತ ನಾನು ಎಸ್ಸೆಸ್ಸೆಲ್ಸಿಯಿಂದ ನೋಡಿದೀನಿ. ಆಟ ಬಿಟ್ಟು ಹೋಗೋರು ಒಂದು ಮಾತು ಹೇಳಿ ಹೋಗಿ, ಎದುರಿಗೆ ಬರೀತಾ ಕೂತವರು ಕಾಯ್ತಿರ್ತಾರೆ.

ಅಡ್ಮಿನ್‌ಗಳೇ, ನೀವು ಭಾಗವತರ ಜಾಗದಲ್ಲಿ ಇದ್ದೀರ. ತಾಳ ನಿಮ್ಮ ಕೈಲಿದೆ. ಆ ಪೋಲ್ ಬಂದಾಗ ಒಂದು ಸಲ ತಾಳ ತಟ್ಟಿದ್ರೆ ಸಾಕಿತ್ತು. ನೀವಿಬ್ಬರೂ ಆನ್‌ಲೈನ್ ಇದ್ರಿ, ನಾನು ನೋಡಿದೀನಿ.

(7/7)
ಕುದುರೆ ಸವಾರ, ಈಗ ನಿನಗೆ. ನೀನು ಚೆನ್ನಾಗಿ ಬರೀತೀಯ, ನನಗಿಂತ ಚೆನ್ನಾಗಿ. ಆ ಗಾಯದ ಸೀನ್ ಓದಿ ನನಗೆ ನಿಜಕ್ಕೂ ನೋವಾಗಿತ್ತು. ಅದೇ ಕೈಲಿ ಅಜ್ಜಿಯ ಅಳು ಯಾಕೆ ಬರೆದೆ? ನಿನಗೆ ಉತ್ತರ ಬೇಗ ಬೇಕಿತ್ತು ಅಷ್ಟೇ, ನನಗೆ ಗೊತ್ತು. ಶಿಕಾರಿಪುರ ಪೇಟೇಲಿ ಕೂತೋರಿಗೆ ಎರಡು ದಿನ ಅಂದ್ರೆ ಜಾಸ್ತಿ. ದಿಬ್ಬ ಹತ್ತಿ ಮೆಸೇಜ್ ಕಳಿಸೋರಿಗೆ ಎರಡು ದಿನ ಅಂದ್ರೆ ಒಂದು ಮಳೆ.

ನಾನು ನಿನ್ನೆ ಅವಳಿಗೆ ಮೆಸೇಜ್ ಹಾಕಿದೆ. ನಾನೂ ಹೌದು ಒತ್ತಿದ್ದೆ, ತಪ್ಪಾಯ್ತು ಅಂತ. ಇನ್ನೂ ಒಂದೇ ಟಿಕ್ ಇದೆ. ವಾಪಸ್ ಬಾ ಅಂತ ನಾನು ಕೇಳಿಲ್ಲ, ಅದು ಅವಳಿಷ್ಟ. ನೀವೂ ಕೇಳಬೇಡಿ, ತಪ್ಪಾಯ್ತು ಅನ್ನೋದಿದ್ರೆ ಅಷ್ಟು ಮಾತ್ರ ಹೇಳಿ.

ಶನಿವಾರ ರಾತ್ರಿ ಗ್ರೂಪ್ ಮತ್ತೆ ಶುರು ಅಂತ ಅಡ್ಮಿನ್ ಹಾಕಿದ್ದಾರೆ. ಕುದುರೆಗೆ ಕಟ್ಟಿದ ಆ ಮೆಸೇಜ್‌ಗಳು ನಡೆದೇ ಇಲ್ಲ ಅಂತ ಮೊದಲು ಬರೀಬೇಕು, ಅಜ್ಜಿ ಬನವಾಸಿಗೆ ಹೋಗಿದ್ದಾಳೆ ಅಂತ ಬರೀಬೇಕು. ಅದಾಗೋವರೆಗೂ ನನ್ನ ಸುಂಕದವನು ಬಳ್ಳಿಗಾವಿಯ ಬಾಗಿಲು ತೆಗೆಯಲ್ಲ. ಯಾರ ಗಾಡಿನೂ ಒಳಗೆ ಬರಲ್ಲ. ಇದಕ್ಕೆ ಪೋಲ್ ಹಾಕ್ತೀವಿ ಅಂದ್ರೆ ಹಾಕಿ.

#ಬಳ್ಳಿಗಾವಿ #ಶಿಕಾರಿಪುರ #ಸೊರಬ #ತಾಳಮದ್ದಳೆ #ಕನ್ನಡರೋಲ್‌ಪ್ಲೇ